ದಾರ ಕಟ್ಟಿದ ಪೆನ್ಸಿಲು

ಪೆನ್ಸಿಲಿನ ಮೊನೆ ಮೂರನೆಯ ಸಲವೂ ಮುರಿಯಿತು. ಸಿರಿಲ್ ಟಕ್ಸ್‌ವರ್ತ್ ಮೂಳೆಹಿಡಿಯ ಚಾಕುವನ್ನು ಮೇಜಿನ ಮೇಲಿಟ್ಟು, ಬೆರಳಿಗಂಟಿದ ಕಪ್ಪನ್ನು ಕೋಟಿನ ಒಳಮಗ್ಗುಲಿಗೆ ಒರೆಸಿಕೊಂಡು, ಮತ್ತೆ ಹೆರೆಯತೊಡಗಿದ. ಎನಿಡ್ ಹೆರೆದರೆ ಸೇಬಿನ ಸಿಪ್ಪೆಯ ಹಾಗೆ ಒಂದೇ ಸುರುಳಿ ಬಿಡಿಸಿಕೊಂಡು ಬರುತ್ತಿತ್ತು. ಇಪ್ಪತ್ತಾರು ವರ್ಷ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ್ದರೂ ಆ ಕೈಗುಣ ಅವನಿಗೆ ಹತ್ತಿರಲಿಲ್ಲ.

ಫ್ಲೀಟ್‌ಡೈಕ್ ಊರಿನ ಚರ್ಚಿನ ಸಭಾಂಗಣ ಇನ್ನೂ ತಣ್ಣಗಿತ್ತು. ಹನ್ನೊಂದಕ್ಕೆ ಚರ್ಚಿನಲ್ಲಿ ಎನಿಡ್ ಥರ್ಲ್‌ಬಿಯ ಅಂತ್ಯಕ್ರಿಯೆ. ಮಣ್ಣು ಮಾಡಿ ಬಂದವರಿಗೆ ಇಲ್ಲಿ ಚಹಾ. ವರ್ಷದ ಉಳಿದ ದಿನಗಳಲ್ಲಿ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುತ್ತಿದ್ದ ಎನಿಡ್, ಚುನಾವಣೆಯ ದಿನ ಬಂತೆಂದರೆ ಇದೇ ಸಭಾಂಗಣದಲ್ಲಿ ಮತಗಟ್ಟೆಯ ಅಧಿಕಾರಿಣಿ. ನಲವತ್ತೊಂದು ವರ್ಷ ಹಾಗೆ ನಡೆದಿತ್ತು. ಪಕ್ಕದಲ್ಲಿ ಹೆಸರಿನ ಪಟ್ಟಿ ಹಿಡಿದು ಗೆರೆ ಎಳೆಯುತ್ತಿದ್ದ ಗುಮಾಸ್ತ ಸಿರಿಲ್. ಅವನು ರೈಲ್ವೆ ಗೇಟು ಕಾಯುತ್ತಿದ್ದವನು. ಗೇಟು ತಾನಾಗಿಯೇ ಬೀಳುವ ಕಾಲ ಬಂದ ಮೇಲೆ ಅವನಿಗೆ ಉಳಿದದ್ದು ಈ ಕುರ್ಚಿಯೊಂದೇ.

ಬಂದವರು ಸಹಿ ಹಾಕಿ, ಅಮ್ಮನ ಬಗ್ಗೆ ನಾಲ್ಕು ಸಾಲು ಬರೆಯಲು ಒಂದು ಪುಸ್ತಕ ಇಡಿ ಎಂದು ಎನಿಡ್‌ಳ ಮಗ ಕೀತ್ ಕೇಳಿಕೊಂಡಿದ್ದ. ಪುಸ್ತಕದಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ. ಅದು ಎನಿಡ್‌ಗೆ ಒಪ್ಪಿಗೆಯಾಗುವ ಸಂಗತಿಯಲ್ಲ ಎಂದು ಸಿರಿಲ್‌ಗೆ ಅನ್ನಿಸಿತ್ತು. ಹಾಗಾಗಿ ಬಿಳಿಯ ಚೀಟಿಗಳ ಒಂದು ಕಟ್ಟು, ಮುಚ್ಚಳದಲ್ಲಿ ಸೀಳು ಕೊರೆದ ಬಿಸ್ಕತ್ತಿನ ಡಬ್ಬಿ, ಮತ್ತು ಮೇಜಿನ ಕಾಲಿಗೆ ದಾರದಿಂದ ಬಿಗಿದ ಈ ಪೆನ್ಸಿಲು.

ಕೀತ್ ಕರಿಯ ಟೈ ಸರಿಮಾಡಿಕೊಳ್ಳುತ್ತ ಒಳಗೆ ಬಂದ. ಐವತ್ತೆರಡರ ಗಟ್ಟಿ ಆಳು, ಲಾರಿ ಓಡಿಸುವವನು. ಇವತ್ತು ಮಾತ್ರ ಭುಜಗಳು ಅವನದಲ್ಲವೆಂಬಂತೆ ಇಳಿದಿದ್ದವು.

"ಸಿರಿಲ್, ಒಂದು ವಿಷಯ ಹೇಳ್ಬೇಕಿತ್ತು. ಟೋಬಿ ವಿನ್‌ಗ್ರೇವ್ ಬರ್ತಿದ್ದಾರೆ. ಚಹಾ ಹೊತ್ತಲ್ಲಿ ಐದು ನಿಮಿಷ ಮಾತಾಡ್ತಾರಂತೆ."

ಚಾಕು ನಿಂತಿತು. "ಯಾರು, ಮೇ ತಿಂಗಳ ಚುನಾವಣೆಗೆ ನಿಂತಿರೋನಾ?"

"ಅವರೇ. ನಿನ್ನೆ ಫೋನ್ ಮಾಡಿದ್ರು. ಅಮ್ಮ ಅವರ ಕಡೆಗೇ ಇದ್ಲಂತೆ. ವಲಸೆ ವಿಷಯದಲ್ಲಿ ಬಂದ ಸರ್ಕಾರಗಳೆಲ್ಲ ನಮಗೆ ಸುಳ್ಳು ಹೇಳಿದ್ವು, ಇನ್ನು ನಿಮ್ಮನ್ನ ಬಿಟ್ರೆ ಯಾರೂ ಇಲ್ಲ ಅಂತ ಬಾಗಿಲಲ್ಲಿ ನಿಂತು ಹೇಳಿದ್ಲಂತೆ."

"ಮೊದಲನೇ ಅರ್ಧ ಹೇಳಿರ್ತಾಳೆ. ನಾನು ನೀರು ಕಾಯೋಕೆ ಇಟ್ಟಾಗೆಲ್ಲ ಅದನ್ನೇ ಹೇಳ್ತಿದ್ಲು. ಎರಡನೇ ಅರ್ಧ ಅವಳ ಬಾಯಿಂದ ಬಂದಿದ್ದಲ್ಲ ಕೀತ್."

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಅದೇ ನಾನು ಹೇಳ್ತಿರೋದು. ಯಾರಿಗೂ ಗೊತ್ತಿಲ್ಲ."

ಕೀತ್ ಕಿಟಕಿಯಾಚೆ ನೋಡಿದ. "ಅಪ್ಪ ಹೋದಾಗ ಎಷ್ಟು ಜನ ಬಂದಿದ್ರು, ನೆನಪಿದೆಯಾ? ಹದಿನಾಲ್ಕು. ಅದರಲ್ಲಿ ಮೂರು ಜನ ಶವಪೆಟ್ಟಿಗೆ ಹೊರೋಕೆ ಬಂದಿದ್ದೋರು. ನಮ್ಮ ಮನೆ ಸಾವಿಗೆ ಒಬ್ಬ ದೊಡ್ಡ ಮನುಷ್ಯ ಬಂದು ನಮ್ಮಮ್ಮನ ಬಗ್ಗೆ ನಾಕು ಒಳ್ಳೆ ಮಾತು ಆಡ್ತೀನಿ ಅಂದ್ರೆ ನಾನು ಬೇಡ ಅನ್ನಲಾ?"

ಸಿರಿಲ್ ಮತ್ತೆ ಪೆನ್ಸಿಲು ಹೆರೆಯತೊಡಗಿದ. ತನ್ನ ಮತ ಯಾರಿಗೆಂದು ಎನಿಡ್ ಗಂಡ ರಾನ್‌ಗೂ ಹೇಳಿದವಳಲ್ಲ. ಅಂಚೆಯ ಮತಪತ್ರವನ್ನು ಅಡುಗೆಮನೆಯ ಮೇಜಿನಲ್ಲಿ ಅವನಿಗೆ ಬೆನ್ನುಹಾಕಿ ತುಂಬಿ, ಲಕೋಟೆಗೆ ಅಂಟುಹಾಕಿ, ಆಮೇಲೆ ತಿರುಗಿ "ಏನು ಮಾಡ್ಲಿ ಊಟಕ್ಕೆ?" ಎನ್ನುತ್ತಿದ್ದಳು. ನಲವತ್ತೊಂದು ವರ್ಷ ಕಾಪಾಡಿಕೊಂಡ ಆ ಮೌನವನ್ನು, ಅವಳು ತಿರುಗಿ ಮಾತಾಡಲಾರದ ಮೊದಲ ದಿನವೇ, ಒಬ್ಬ ಅಭ್ಯರ್ಥಿ ತನ್ನ ಹೆಸರಿಗೆ ಮಾಡಿಕೊಳ್ಳಲು ಬರುತ್ತಿದ್ದ. ತಡೆಯಬೇಕಾದವನು ತಾನು. ತನಗೋ, ಹತ್ತು ಜನರ ಎದುರು ಎದ್ದು ನಿಂತರೆ ನಾಲಗೆ ಒಣಗುತ್ತದೆ.

ಕೀತ್ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮೆರ್ವಿನ್ ಲೀಕ್ ಕಾಣಿಸಿಕೊಂಡ. ಹೂಕೋಸಿನ ಹೊಲಗಳಲ್ಲಿ ಮೂವತ್ತು ವರ್ಷ ಮೇಸ್ತ್ರಿಯಾಗಿದ್ದವನು, ಈಗ ಎಪ್ಪತ್ತು. ಇನ್ನೂ ಒಂಬತ್ತೂವರೆ.

"ಇಷ್ಟು ಬೇಗ ಯಾಕೆ ಬಂದೆ?"

"ಮೊದಲು ಬಂದೇ ಅಭ್ಯಾಸ." ಮೆರ್ವಿನ್ ಮೇಜಿನ ಮುಂದೆ ಬಂದು ನಿಂತ. ಮೇಲ್ಜೇಬಿನಲ್ಲಿ ಎಂದಿನಂತೆ ನೀಲಿ ಪೆನ್ನು. ಡಬ್ಬಿಯನ್ನು ನೋಡಿದ, ಸಿರಿಲ್‌ನನ್ನು ನೋಡಿದ. "ಏನು, ತೋರಿಸಲ್ವಾ?"

ಸಿರಿಲ್ ಡಬ್ಬಿಯ ಮುಚ್ಚಳ ತೆಗೆದು ಅವನ ಕಡೆಗೆ ಬಾಗಿಸಿದ. ಮೆರ್ವಿನ್ ಬಗ್ಗಿ ತಳದವರೆಗೂ ನೋಡಿ, "ಸರಿ, ಮುಚ್ಚು. ನಾನು ಆಮೇಲೆ ಬರೀತೀನಿ" ಎಂದ.

*

ಹತ್ತು ವರ್ಷದ ಹಿಂದಿನ ಜೂನ್ ತಿಂಗಳು. ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ದೇಶವೇ ಮತ ಹಾಕಿದ ದಿನ. ಬೆಳಗಿನ ಏಳಕ್ಕೆ ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಮೊದಲನೆಯವನಾಗಿ ಮೆರ್ವಿನ್ ನಿಂತಿದ್ದ, ಕೈಯಲ್ಲಿ ಪೆನ್ನು.

"ಪೆನ್ಸಿಲಲ್ಲಿ ಹಾಕಿದ್ದನ್ನ ಅಳಿಸಿಬಿಡ್ತಾರಂತೆ," ಎಂದ ಅವನು, ಸಭಾಂಗಣದ ಮೂಲೆಗೂ ಕೇಳುವಂತೆ. "ಊರೆಲ್ಲ ಮಾತಾಡ್ತಿದೆ. ನಾನು ಪೆನ್ನು ತಂದಿದ್ದೀನಿ."

"ಪೆನ್ನಲ್ಲಿ ಹಾಕು ಬಾತುಮರಿ, ಬೇಕಾದ್ರೆ ಸುಣ್ಣದಲ್ಲಿ ಹಾಕು," ಎಂದಳು ಎನಿಡ್. ಆ ಸೀಮೆಯವರು ಒಲವಿನಿಂದ ಕರೆಯುವುದೇ ಹಾಗೆ. ಎನಿಡ್ ಬಿಷಪ್ಪನನ್ನೂ ಬಾತುಮರಿ ಎಂದವಳು. "ಲೆಕ್ಕಕ್ಕೆ ಎರಡೂ ಒಂದೇ."

"ನಿಂಗೆ ತಮಾಷೆ. ಹೊರಗಿಂದ ಬರೋರನ್ನ ಕಡಿಮೆ ಮಾಡ್ತೀವಿ ಅಂತ ಒಬ್ಬ ಅಂದ, ನಿಲ್ಲಿಸ್ತೀವಿ ಅಂತ ಇನ್ನೊಬ್ಬ ಅಂದ. ಪ್ರತಿ ಸಲ ಗೆದ್ದು ಹೋದೋರು ಅದನ್ನೇ ಮರೀತಾರೆ. ನಮ್ಮ ಹೊಲದಲ್ಲಿ ಕೂಲಿ ಇಳಿಸೋ ಯಜಮಾನನ್ನ ಒಬ್ಬನೂ ಕೇಳಲ್ಲ, ಇಲ್ಲಿಗೆ ಬಂದು ಕೋಸು ಕೊಯ್ಯೋ ಹುಡುಗೀರನ್ನ ಮಾತ್ರ ತೋರಿಸಿ ನಮ್ಮನ್ನ ಎತ್ತಿಕಟ್ತಾರೆ. ಇಷ್ಟೆಲ್ಲ ಸುಳ್ಳು ಹೇಳೋರು ಒಂದು ರಬ್ಬರ್ ಇಟ್ಕೊಂಡಿರಲ್ವಾ?"

ಸಿರಿಲ್‌ಗೆ ನಗು ಬಂದಿತ್ತು. ಎನಿಡ್ ನಗಲಿಲ್ಲ. ಇನ್ನೂ ಮೊಹರು ಹಾಕದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವನ ಮುಂದೆ ಓರೆ ಮಾಡಿ ಹಿಡಿದಳು.

"ಅವರ ಮಾತು ನಂಗೊತ್ತಿಲ್ಲ. ಇದು ನನ್ನ ಪೆಟ್ಟಿಗೆ. ನೋಡು. ಕೈ ಹಾಕಿ ನೋಡು."

ಮೆರ್ವಿನ್ ನಿಜವಾಗಿಯೂ ಕೈ ಹಾಕಿದ. ಮೂಲೆ ಮೂಲೆ ತಡವಿದ. ಒಬ್ಬ ಮನುಷ್ಯ ಖಾಲಿತನವನ್ನು ಅಷ್ಟು ಶ್ರದ್ಧೆಯಿಂದ ಮುಟ್ಟಿನೋಡಿದ್ದನ್ನು ಸಿರಿಲ್ ಅದುವರೆಗೆ ಕಂಡಿರಲಿಲ್ಲ. ಆಮೇಲೆ ಅವಳು ಅವನ ಕಣ್ಣೆದುರೇ ಮೊಹರು ಹಾಕಿ, ಅವನು ಮರೆಗೆ ಹೋಗುತ್ತಿದ್ದಂತೆ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡಳು. ಯಾರೇ ಒಳಗೆ ಹೋಗಲಿ, ಅವರು ಹೊರಬರುವವರೆಗೂ ಎನಿಡ್ ಕಿಟಕಿಯನ್ನೇ ನೋಡುತ್ತಿದ್ದಳು. ಆ ಕಿಟಕಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ: ಒಂದು ಕಾಲುವೆ, ಆಚೆ ಆಕಾಶದವರೆಗೂ ಕೋಸಿನ ಸಾಲು.

ಅಂದಿನಿಂದ ಪ್ರತಿ ಚುನಾವಣೆಗೂ ಮೆರ್ವಿನ್ ಏಳಕ್ಕೇ ಬಂದ. ಪೆಟ್ಟಿಗೆ ನೋಡಿದ. ತನ್ನ ಪೆನ್ನಿನಲ್ಲೇ ಗುರುತು ಹಾಕಿದ.

*

ಕರಿಯ ಟೋಪಿಯನ್ನು ಎದೆಗೊತ್ತಿಕೊಂಡು ಅಂತ್ಯಕ್ರಿಯೆಯ ಏರ್ಪಾಟು ನೋಡಿಕೊಳ್ಳುವವನು ಎನಿಡ್‌ಳ ಶವದ ಗಾಡಿಯ ಮುಂದೆ ನಡೆದು ಬಂದ. ಹಿಂದೆ ಕೀತ್, ಅವನ ಹಿಂದೆ ಸಿರಿಲ್. ಮುಖ್ಯರಸ್ತೆಯ ತಿರುವಿನಲ್ಲಿ ಕೆಸರುಗಾಲಿಯ ಟ್ರಾಕ್ಟರೊಂದು ಬದಿಗೆ ಸರಿದು ಎಂಜಿನ್ ಆರಿಸಿತು. ತರಕಾರಿ ಕಟ್ಟುವ ಶೆಡ್ಡಿನ ಮುಂದೆ ಬಂದಾಗ ಕೀತ್ ಹೆಜ್ಜೆ ತಪ್ಪಿದ.

ಶೆಡ್ಡಿನ ಹೊರಗೆ ಬೇಲಿಗುಂಟ ನಲವತ್ತು ಐವತ್ತು ಜನ ಸಾಲಾಗಿ ನಿಂತಿದ್ದರು: ನೀಲಿ ಏಪ್ರನ್ನು, ತಲೆಗೆ ಬಲೆ, ಬೂಟಿಗೆ ಅಂಟಿದ ಸಿಪ್ಪೆ. ಕೆಲವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಸಾಲಿನ ತುದಿಯಲ್ಲಿ ಯೋಲಾಂತಾ, ಲಿಥುವೇನಿಯಾದವಳು, ಇಪ್ಪತ್ತು ವರ್ಷದ ಹಿಂದೆ ಕೋಸು ಕೊಯ್ಯಲು ಬಂದವಳು, ಈಗ ಶೆಡ್ಡಿನ ಮೇಲ್ವಿಚಾರಕಿ. ಗಾಡಿ ದಾಟಿದ ಮೇಲೆ ಏಪ್ರನ್ ಬಿಚ್ಚಿ ಪಕ್ಕದವಳಿಗೆ ಕೊಟ್ಟು ಮೆರವಣಿಗೆಯ ಬಾಲಕ್ಕೆ ಬಂದು ಸೇರಿಕೊಂಡಳು.

"ಇವರೆಲ್ಲ ಅಮ್ಮನಿಗೆ ಹೇಗೆ ಗೊತ್ತು?" ಕೀತ್ ಪಿಸುಗುಟ್ಟಿದ.

"ಸ್ಥಳೀಯ ಚುನಾವಣೇಲಿ ಯುರೋಪಿನೋರಿಗೂ ಮತ ಇತ್ತಲ್ಲ, ಇವರೂ ಹಾಕ್ತಿದ್ರು," ಎಂದ ಸಿರಿಲ್. "ಹೆಸರು ಹೇಳಿದ್ರೆ ಅವಳು ಎರಡನೇ ಸಲ ಕೇಳ್ತಿರಲಿಲ್ಲ. ಉಚ್ಚಾರ ಮನೇಲೇ ಕಲಿತುಕೊಂಡು ಬರ್ತಿದ್ಲು, ಹಿಂದಿನ ದಿನ, ಪಟ್ಟಿ ನೋಡಿ."

ಚರ್ಚು ತುಂಬಿತ್ತು. ಹಿಂದಿನ ಗೋಡೆಗೆ ಒರಗಿ ನಿಂತವರೂ ಇದ್ದರು. ಮುಂದಿನ ಸಾಲಿನ ಬಲಬದಿಯಲ್ಲಿ, ಎಲ್ಲರಿಗೂ ಮುಖದ ಒಂದು ಮಗ್ಗುಲು ಕಾಣುವಂತೆ, ಟೋಬಿ ವಿನ್‌ಗ್ರೇವ್ ಕೂತಿದ್ದ. ಒಳ್ಳೆಯ ಉಣ್ಣೆಯ ಕೋಟು. ಸ್ತೋತ್ರಗಳನ್ನು ಪುಸ್ತಕ ನೋಡದೆ ಹಾಡಿದ.

*

ಆರೇಳು ವರ್ಷದ ಹಿಂದೆ ಅದೇ ವಿನ್‌ಗ್ರೇವ್ ಮತದಾನದ ಮಧ್ಯಾಹ್ನ ಸಭಾಂಗಣಕ್ಕೆ ನುಗ್ಗಿದ್ದ. ಆಗ ಅವನ ಪಕ್ಷ ಬೇರೆ, ಎದೆಗೆ ಸಿಕ್ಕಿಸಿದ ರಿಬ್ಬನ್ ಹೂವಿನ ಬಣ್ಣವೂ ಬೇರೆ. ಹಿಂದೆ ಒಬ್ಬ ಫೋಟೋದವನು. ಸಾಲಿನಲ್ಲಿ ನಿಂತವರ ಕೈ ಕುಲುಕುತ್ತ, "ಗಡಿ ಗಟ್ಟಿ ಮಾಡ್ತೀವಿ, ಈ ಸಲ ಖಂಡಿತ" ಎನ್ನುತ್ತ ಮೇಜಿನವರೆಗೂ ಬಂದ.

ಎನಿಡ್ ಎದ್ದು ನಿಂತಳು. ನಿಂತರೂ ಅವನ ಎದೆಯವರೆಗೆ ಬರುವ ಹೆಂಗಸು.

"ಹೆಸರು? ವಿಳಾಸ?"

"ನಾನು ಅಭ್ಯರ್ಥಿ, ಮೇಡಂ."

"ನನ್ನ ಮೇಜಿನ ಮುಂದೆ ಇರೋದು ಮತದಾರರು ಮಾತ್ರ. ಮತ ಹಾಕ್ತೀಯಾ ಬಾತುಮರಿ, ಇಲ್ಲ ಹೊರಗೆ ಹೋಗ್ತೀಯಾ? ಪೊಲೀಸಪ್ಪ ಅಲ್ಲೇ ಬಾಗಿಲಲ್ಲಿ ಬನ್ ತಿಂತಿದ್ದಾನೆ, ಅವನನ್ನ ಎಬ್ಬಿಸೋದು ಬೇಡ."

ಅವನು ನಕ್ಕು, ಸೋತದ್ದು ತಾನಲ್ಲವೆಂಬಂತೆ ಕೈಬೀಸಿ ಹೊರಟುಹೋದ. ಎನಿಡ್ ಕೂತ ಮೇಲೆ, ಅವಳ ಮಂಡಿ ಮೇಜಿನಡಿ ಗಡಗಡ ನಡುಗುತ್ತಿದ್ದದ್ದು ಸಿರಿಲ್‌ಗೆ ಮಾತ್ರ ಗೊತ್ತಾಯಿತು.

"ನಾನು ಸತ್ತೇ ಹೋಗ್ತೀನಿ ಅಂದ್ಕೊಂಡೆ ಸಿರಿಲ್," ಎಂದು ತುಟಿ ಅಲ್ಲಾಡಿಸದೆ ಹೇಳಿದಳು. "ಮುಂದಿನವರನ್ನ ಕರಿ."

*

ಮಣ್ಣು ಮಾಡಿ ಬಂದವರು ಸಭಾಂಗಣದ ಬಾಗಿಲಿಂದ ಒಬ್ಬರ ಹಿಂದೊಬ್ಬರು ಸಾಲಾದರು. ಹಾಗೆಂದು ಯಾರೂ ಹೇಳಿರಲಿಲ್ಲ. ಮೇಜಿನ ಹಿಂದೆ ಸಿರಿಲ್ ಕೂತಿದ್ದ; ಪಕ್ಕದ ಕುರ್ಚಿ ಖಾಲಿ. ಸಾಲಿನ ಮೊದಲ ಹೆಂಗಸು ಚೀಟಿ ತೆಗೆದುಕೊಳ್ಳುವ ಮುನ್ನ, "ಡೋರೀನ್ ಸ್ಮಾಲಿ, ಹನ್ನೆರಡು, ಚಾಪೆಲ್ ಲೇನ್" ಎಂದಳು. ಎಂದಮೇಲೆ ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ಹಿಂದಿನವರು ನಕ್ಕರು. ಆದರೆ ಎರಡನೆಯವನೂ ಹೆಸರು ವಿಳಾಸ ಹೇಳಿದ, ಮೂರನೆಯವಳೂ ಹೇಳಿದಳು. ಆಮೇಲೆ ಅದು ತಪ್ಪಾಗಿ ಉಳಿಯಲಿಲ್ಲ. ಸಿರಿಲ್ ಪ್ರತಿಯೊಬ್ಬರಿಗೂ ತಲೆಯಾಡಿಸಿ ಚೀಟಿ ಕೊಟ್ಟ. ಒಬ್ಬೊಬ್ಬರೂ ಬಗ್ಗಿ ಬರೆದು, ಮಡಿಸಿ, ಡಬ್ಬಿಗೆ ಹಾಕಿ, ಚಹಾದ ಕಡೆ ಹೋದರು.

ಹಂದಿಮಾಂಸದ ಸ್ಯಾಂಡ್‌ವಿಚ್ಚು, ಚೀಸಿನ ಜೊತೆಗೆ ಒಣದ್ರಾಕ್ಷಿಯ ಬ್ರೆಡ್ಡು. ಮೆರ್ವಿನ್ ತಟ್ಟೆ ತುಂಬಿಸಿಕೊಂಡು ಮೇಜಿನ ಪಕ್ಕದಲ್ಲೇ ನಿಂತಿದ್ದ. ಯೋಲಾಂತಾ ಸಾಲು ಮುಗಿಸಿ ಅಲ್ಲಿಗೆ ಬಂದಳು.

"ಮೇಸ್ತ್ರಿ, ಕಾಲು ನೋವು ಹೇಗಿದೆ?"

"ನಿನ್ನನ್ನ ನೋಡಿದ್ಮೇಲೆ ಜಾಸ್ತಿ ಆಯ್ತು. ನೀವು ಇಷ್ಟು ಜನ ಬರಬಾರದು ಅಂತ ಮತ ಹಾಕಿದೋನು ನಾನು. ಗೊತ್ತು ತಾನೆ?"

"ಗೊತ್ತು. ಹಾಕಿ ಬಂದು ಅವತ್ತು ಮಧ್ಯಾಹ್ನ ನನ್ನ ಬೀಟ್‌ರೂಟ್ ಸೂಪು ಎರಡು ಬಟ್ಟಲು ಕುಡಿದ್ರಿ."

"ಸೂಪಿನ ಮೇಲೆ ನಂಗೇನೂ ದ್ವೇಷ ಇಲ್ಲಮ್ಮ."

ಯೋಲಾಂತಾ ನಕ್ಕು ಖಾಲಿ ಕುರ್ಚಿಯನ್ನು ನೋಡಿದಳು. "ಈ ದೇಶದ ಪ್ರಜೆ ಆದ ಮೇಲೆ ದೊಡ್ಡ ಚುನಾವಣೆಗೆ ಮೊದಲ ಸಲ ಬಂದೆ. ಯಾರಿಗೆ ಹಾಕ್ಲಿ ಎನಿಡ್, ಎಲ್ಲರೂ ನನ್ನಂಥೋರನ್ನ ಬೈತಾರೆ ಅಂತ ಕೇಳಿದೆ. ಅವಳು ಕಿಟಕಿ ಕಡೆ ತಿರುಗಿಬಿಟ್ಟಳು. ನಂಗೆ ಸಿಟ್ಟು ಬಂತು. ಮನೆಗೆ ಹೋದ ಮೇಲೆ ಯೋಚನೆ ಮಾಡಿದೆ. ಈ ಊರಲ್ಲಿ ನಂಗೆ ಏನು ಮಾಡಬೇಕು ಅಂತ ಹೇಳದೇ ಇದ್ದೋಳು ಅವಳೊಬ್ಬಳೇ."

ಅಷ್ಟರಲ್ಲಿ ಚಮಚ ಲೋಟಕ್ಕೆ ಬಡಿದ ಸದ್ದಾಯಿತು. ವಿನ್‌ಗ್ರೇವ್ ಸಾಲಿಗೆ ನಿಲ್ಲದೆ ಪಕ್ಕದ ಬಾಗಿಲಿಂದ ಬಂದು ಸಭಾಂಗಣದ ನಡುವೆ ನಿಂತಿದ್ದ. ಒಬ್ಬ ಯುವತಿ ಫೋನನ್ನು ಅವನತ್ತ ಹಿಡಿದಿದ್ದಳು. ಕೀತ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಗೆಳೆಯರೇ, ಎನಿಡ್ ಈ ಮಣ್ಣಿನ ಮಗಳು," ವಿನ್‌ಗ್ರೇವ್ ಶುರುಮಾಡಿದ. "ದೊಡ್ಡೋರ ಸುಳ್ಳು ಕೇಳಿ ಕೇಳಿ ಬೇಸತ್ತಿದ್ದೋರು. ಹೋದ ಶರತ್ಕಾಲದಲ್ಲಿ ಅವರ ಬಾಗಿಲಲ್ಲಿ ನಿಂತಿದ್ದಾಗ ನನ್ನ ಕೈ ಹಿಡಕೊಂಡು ಒಂದು ಮಾತು ಹೇಳಿದ್ರು. ಅದನ್ನ ಇವತ್ತು ನಿಮ್ಮ ಮುಂದೆ..."

"ಸಾಲು ಇಲ್ಲಿದೆ."

ಜನರೆಲ್ಲ ತಿರುಗಿ ನೋಡಿದರು. ಹೇಳಿದ್ದು ತಾನೆಂದು ಸಿರಿಲ್‌ಗೆ ತಿಳಿದದ್ದು ಆಮೇಲೆ. ಅವನು ಎದ್ದು ನಿಂತಿದ್ದ. ನಾಲಗೆ ಒಣಗಿತ್ತು, ಮಂಡಿ ಮೇಜಿನಡಿ ನಡುಗುತ್ತಿತ್ತು. ಹಾಗೆ ನಡುಗುವುದು ಈ ಕೆಲಸದ ಒಂದು ಭಾಗವೇ ಇರಬೇಕೆಂದು ಅವನಿಗೆ ಹೊಳೆದು, ಸ್ವಲ್ಪ ಧೈರ್ಯ ಬಂತು.

"ಏನಂದ್ರಿ?" ವಿನ್‌ಗ್ರೇವ್ ನಗುತ್ತಲೇ ಕೇಳಿದ.

"ಎಲ್ಲರೂ ಇಲ್ಲಿ ನಿಂತು ಹೆಸರು ವಿಳಾಸ ಹೇಳಿ ಒಳಗೆ ಹೋಗಿದ್ದಾರೆ. ನೀವೂ ಹೇಳಬೇಕು. ಹೆಸರು?"

"ನನ್ನ ಹೆಸರು ನಿಮಗೆ ಗೊತ್ತೇ ಇದೆ..."

"ವಿಳಾಸ?"

ವಿನ್‌ಗ್ರೇವ್ ಬಾಯಿ ತೆರೆದ. "ಸದ್ಯಕ್ಕೆ ಹೆಚ್ಚು ಲಂಡನ್ನಿನಲ್ಲೇ... ಇಲ್ಲೊಂದು ಮನೆ ಹುಡುಕ್ತಾ ಇದ್ದೀವಿ..."

"ಓಹೋ, ವಲಸೆ ಬರ್ತಿದ್ದಾರೆ!" ಹಿಂದಿನಿಂದ ಡೋರೀನ್ ಸ್ಮಾಲಿ ಕೂಗಿದಳು. ಚಹಾದ ಲೋಟಗಳ ನಡುವೆ ನಗು ಸಿಡಿಯಿತು.

ಸಿರಿಲ್ ನಗಲಿಲ್ಲ. ನಗುವುದು ಎನಿಡ್‌ಳ ಪದ್ಧತಿಯಲ್ಲ. "ವಿನ್‌ಗ್ರೇವ್ ಅವರೇ, ನಾನು ನಿಮ್ಮ ಪಕ್ಷಕ್ಕೆ ವಿರೋಧಿ ಅಲ್ಲ, ಪರವೂ ಅಲ್ಲ. ಇಪ್ಪತ್ತಾರು ವರ್ಷ ಅವಳ ಪಕ್ಕದಲ್ಲಿ ಕೂತಿದ್ದೆ. ಅವಳ ಮತ ಯಾರಿಗೆ ಅಂತ ನಂಗೊತ್ತಿಲ್ಲ. ಅವಳ ಗಂಡನಿಗೂ ಗೊತ್ತಿರಲಿಲ್ಲ. ಸರ್ಕಾರದೋರ ಸುಳ್ಳಿನ ಬಗ್ಗೆ ಅವಳಿಗೆ ಸಿಟ್ಟಿತ್ತು, ನಿಜ. ಆ ಸಿಟ್ಟು ಅವಳದ್ದು. ಅದನ್ನ ನೀವು ಒಯ್ಯೋ ಹಾಗಿಲ್ಲ."

ಯುವತಿಯ ಫೋನು ನಿಧಾನವಾಗಿ ಕೆಳಗಿಳಿಯಿತು. ವಿನ್‌ಗ್ರೇವ್ ಆಸರೆಗೆಂಬಂತೆ ಮೆರ್ವಿನ್‌ನತ್ತ ನೋಡಿದ. ಮೆರ್ವಿನ್‌ನ ಮನೆಯ ಕಿಟಕಿಯಲ್ಲಿ ಮೂರು ವಾರದಿಂದ ಅವನ ಪೋಸ್ಟರು ಇತ್ತು.

ಮೆರ್ವಿನ್ ಬಾಯಲ್ಲಿದ್ದುದನ್ನು ನುಂಗಿದ. "ಟೋಬಿ, ನನ್ನ ಮತ ಬೇಕಾದ್ರೆ ನಿನಗೇ ಹಾಕ್ತೀನಿ. ಹಾಕೀನು. ಅವಳದ್ದು ಮಾತ್ರ ಕೇಳಬೇಡ."

ಕೀತ್ ಕಟ್ಟಿದ್ದ ಕೈ ಬಿಚ್ಚಿದ. ಸುತ್ತ ಒಮ್ಮೆ ನೋಡಿದ: ಗೋಡೆಯವರೆಗೂ ಜನ, ಕೋಸಿನ ಶೆಡ್ಡಿನವರು, ಚಾಪೆಲ್ ಲೇನಿನವರು, ಅಮ್ಮನ ಕೈಯಿಂದ ಆಲೂಗಡ್ಡೆ ತಿಂದು ಬೆಳೆದು ಈಗ ತಲೆ ನರೆತವರು. ತಾನು ಒಬ್ಬ ದೊಡ್ಡ ಮನುಷ್ಯನನ್ನು ಕಾದದ್ದು ಯಾತಕ್ಕೆಂದು ಅವನಿಗೇ ಮರೆತುಹೋದ ಹಾಗಿತ್ತು. ಅವನ ಭುಜಗಳು ಮೇಲೆದ್ದವು.

"ಬಂದಿದ್ದಕ್ಕೆ ಥ್ಯಾಂಕ್ಸ್, ಟೋಬಿ," ಎಂದ ಮೆಲ್ಲಗೆ. "ಅಮ್ಮನ ಮತಗಟ್ಟೇಲಿ ಪ್ರಚಾರ ಮಾಡೋ ಹಾಗಿಲ್ಲ. ಚಹಾ ತಗೊಳ್ಳಿ. ಬ್ರೆಡ್ಡು ಚೆನ್ನಾಗಿದೆ."

ವಿನ್‌ಗ್ರೇವ್ ಚಹಾ ತೆಗೆದುಕೊಂಡ. ಅಷ್ಟು ಅವನ ದೊಡ್ಡತನ. ಅರ್ಧ ಲೋಟ ಕುಡಿದು, ಕೀತ್‌ನ ಕೈ ಕುಲುಕಿ, ಬಂದ ಬಾಗಿಲಿಂದಲೇ ಹೋದ. ಮಾತು ಮತ್ತೆ ತುಂಬಿಕೊಂಡಿತು. ಯಾರೋ ಎನಿಡ್ ಬಿಷಪ್ಪನನ್ನು ಬಾತುಮರಿ ಎಂದ ಕತೆ ತೆಗೆದರು. ಕೀತ್ ಕಣ್ಣೊರೆಸಿಕೊಂಡು ನಗುತ್ತ, ಅದು ಹಾಗಲ್ಲವೆಂದು ತಿದ್ದುತ್ತ ನಡುವೆ ನಿಂತ.

ಮೂರು ಗಂಟೆಗೆ ಸಭಾಂಗಣ ಬಹುಪಾಲು ಖಾಲಿಯಾಗಿತ್ತು. ಡೋರೀನ್ ಲೋಟ ತೊಳೆಯುತ್ತಿದ್ದಳು. ಬರೆದೂ ಬರೆದೂ ಪೆನ್ಸಿಲಿನ ಮೊನೆ ಮೊಂಡಾಗಿತ್ತು. ಸಿರಿಲ್ ಚಾಕು ತೆಗೆದು ಮತ್ತೆ ಹೆರೆದ. ಈ ಸಲ ಸಿಪ್ಪೆ ಎರಡು ಸುತ್ತು ಬಂದು ಆಮೇಲೆ ತುಂಡಾಯಿತು.

ಮೆರ್ವಿನ್ ಮೇಜಿನ ಮುಂದೆ ಬಂದು ನಿಂತ.

"ಮೆರ್ವಿನ್ ಲೀಕ್. ಮೂರು, ಸ್ಲೂಸ್ ರಸ್ತೆ."

ಸಿರಿಲ್ ಚೀಟಿ ಕೊಟ್ಟ. ಮೆರ್ವಿನ್ ಮೇಲ್ಜೇಬಿಗೆ ಕೈ ಹಾಕಿ ನೀಲಿ ಪೆನ್ನು ತೆಗೆದು, ಅದರ ಮುಚ್ಚಳ ಬಿಚ್ಚಿದ. ಬಿಚ್ಚಿದವನು ಖಾಲಿ ಕುರ್ಚಿಯನ್ನೊಮ್ಮೆ ನೋಡಿದ. ಮುಚ್ಚಳವನ್ನು ಮತ್ತೆ ಹಾಕಿ, ಪೆನ್ನನ್ನು ಜೇಬಿನೊಳಗೆ ಆಳಕ್ಕೆ ಇಳಿಸಿ, ದಾರ ಹಿಡಿದು ಪೆನ್ಸಿಲನ್ನು ತನ್ನತ್ತ ಎಳೆದುಕೊಂಡ. ಎಡಗೈಯನ್ನು ಗೋಡೆಯ ಹಾಗೆ ಚೀಟಿಗೆ ಮರೆ ಹಿಡಿದು ಬಗ್ಗಿದ.

ಸಿರಿಲ್ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡ. ಕಾಲುವೆ, ಅದರಾಚೆ ಕೋಸಿನ ಸಾಲುಗಳು. ಹಿಂದೆ ಪೆನ್ಸಿಲು ಕಾಗದದ ಮೇಲೆ ಬಹಳ ಹೊತ್ತು ಸಪ್ಪಳ ಮಾಡುತ್ತಿತ್ತು.